‘ನಿನ್ನೆ’ ಅಲ್ಲ, ‘ನಿನ್ನ’

ಮೊಬೈಲಿಗಿನ್ನೂ ಕನ್ನಡ ಬಾರದ ಕಾಲ ಅದು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಕುಟ್ಟಿ ಮೆಸೇಜು ಕಳಿಸುತ್ತಿದ್ದೆವು. ನಮ್ಮ ಮನೆ ಒಂಟಿಕೊಪ್ಪಲಿನಲ್ಲಿ, ನಾನು ಪ್ರೀತಿಸುತ್ತಿದ್ದವನದು ನಜರ್‌ಬಾದಿನಲ್ಲಿ. ಎಂ.ಎ. ಮುಗಿಯುತ್ತಲೇ ಅವನಿಗೆ ಮಂಗಳೂರಿನಲ್ಲಿ ಮೇಷ್ಟರ ಕೆಲಸ ಸಿಕ್ಕಿತು. ಬಸ್‌ಸ್ಟ್ಯಾಂಡಿಗೆ ಹೋಗಿ, ಯಾರಾದರೂ ನೋಡಿಯಾರೆಂದು ಹೆದರಿ, ಸೊಂಟದ ಮಟ್ಟದಲ್ಲೇ ಕೈ ಬೀಸಿ ಬಂದೆ. ಬಚ್ಚಲುಮನೆಯ ಚಿಲಕ ಹಾಕಿಕೊಂಡು ಅವನಿಗೆ ಬರೆದೆ: ‘ನಿನ್ನ ಬಸ್ಸು ಹೋಯಿತು. ನಾನಿನ್ನೂ ಕೈ ಬೀಸುತ್ತಿದ್ದೇನೆ.’ ಅಳುತ್ತಾ ಒತ್ತಿದ್ದಕ್ಕೋ ಏನೋ, ಇಂಗ್ಲಿಷಿನ ‘ಎ’ ಬದಲು ‘ಇ’ ಬಿದ್ದು, ‘ನಿನ್ನ’ ಹೋಗಿ ‘ನಿನ್ನೆ’ ಆಗಿತ್ತು. ನೋಡುವಷ್ಟರಲ್ಲಿ ಮೆಸೇಜು ಹೋಗಿಬಿಟ್ಟಿತ್ತು.

ಉತ್ತರ ಬರಲಿಲ್ಲ. ಯುಗಾದಿಯ ಹೊತ್ತಿಗೆ ಮೆಸೇಜೇ ವಾಪಸು ಬಂತು, ಗೆಳತಿಯೊಬ್ಬಳ ಫೋನಿನಿಂದ. ಕೆಳಗೆ ಅವನ ಹೆಸರು.

“ಎಷ್ಟ್ ಚೆನ್ನಾಗಿ ಬರ್ದವ್ನೆ ನೋಡೇ! ನಿನ್ನೆ ಹೋದ ಬಸ್ಸಿಗೆ ಇವತ್ತೂ ಕೈ ಬೀಸ್ತಾ ಅವ್ನಂತೆ. ಆ ‘ನಿನ್ನೆ’ಯಲ್ಲೇ ಇರೋದು ಕಣೇ ಎಲ್ಲಾ,” ಅಂದಳು.

ನನ್ನ ಸಂಕಟವನ್ನು ಸಿಕ್ಕಸಿಕ್ಕವರಿಗೆಲ್ಲ ಹಂಚಿದ್ದ. ನನಗೊಬ್ಬಳಿಗೆ ಒಂದು ಸಾಲು ಬರೆಯಲು ಮಾತ್ರ ಅವನಿಗೆ ಪುರುಸೊತ್ತಿರಲಿಲ್ಲ.

ಆಮೇಲೆ ಅದು ಊರೂರು ಸುತ್ತಿತು. ಯಾದವಗಿರಿಯ ಅತ್ತೆ ಮಗಳಿಗೂ ಬಂತು. ಇಂಟರ್‌ನೆಟ್ಟಿನಲ್ಲಿ ಯಾರ್ಯಾರದೋ ಪುಟಗಳಲ್ಲಿ ಗುಲಾಬಿ ಹೂವಿನ ಚಿತ್ರದ ಮೇಲೆ ಹೋಗಿ ಕೂತಿತು. ಅವನಿಗೆ ‘ಕೈ ಬೀಸೋ ಕವಿ’ ಅಂತ ಹೆಸರೇ ಬಿತ್ತು. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆ. ನನ್ನದು ಅಂತ ನಾನು ಹೇಳಬಹುದಿತ್ತು. ಹೇಳಿದರೆ, ಯಾರಿಗೆ ಬರೆದೆ ಅಂತ ಅಪ್ಪ ಕೇಳುತ್ತಿದ್ದರು. ಹಾಳಾಗಿ ಹೋಗಲಿ ಅಂದುಕೊಂಡೆ. ಅದು ಹಾಳಾಗಲಿಲ್ಲ, ನಾನು ಊಟ ಸೇರದೆ ಒಣಗಿದೆ.

ಮುಂದಿನ ವರ್ಷ ಮನೆಯವರು ನೋಡಿದ ಗಂಡಿನ ಜೊತೆ ನಿಶ್ಚಿತಾರ್ಥವಾಯಿತು. ಸಂಭಾವಿತರು, ಮಾತು ಕಮ್ಮಿ. ಅವರ ಮೊದಲ ಮೆಸೇಜು ಬಂದಾಗ ಅಮ್ಮ ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಿದ್ದಳು. ತೆರೆದು ನೋಡಿದೆ. ‘ನಿನ್ನೆ ಬಸ್ಸು ಹೋಯಿತು...’ ಈ ಸಲ ಕೆಳಗೆ ಇವರ ಹೆಸರಿತ್ತು.

“ಏನಂತಮ್ಮಾ?” ಅಂದಳು ಅಮ್ಮ.

“ಕವಿತೆ,” ಅಂದೆ.

“ಪುಣ್ಯ ಮಾಡಿದ್ದೀಯ ಬುಡು.”

ತಡೆಯಲಾಗದೆ ಅವರಿಗೆ ಬರೆದೆ: ‘ಅದು ನಿನ್ನೆ ಅಲ್ಲ, ನಿನ್ನ.’

ಉತ್ತರ ತಕ್ಷಣ ಬಂತು: ‘ಇಲ್ಲ ಕಣ್ರೀ, ನಿನ್ನೆನೇ ಸರಿ. ಬರೆದೋನು ನಾನಲ್ವಾ?’