ದೊಡ್ಡದು ಮಾಡು ಅಂದರೆ ಆರಿಸು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಯಾರೂ ದೀಪ ಆರಿಸುತ್ತಿರಲಿಲ್ಲ, 'ದೊಡ್ಡದು' ಮಾಡುತ್ತಿದ್ದರು! ನಗಬೇಡಿ ಮಕ್ಕಳೇ. ಅಜ್ಜಿಯ ಲೆಕ್ಕದಲ್ಲಿ 'ಆರಿಸು' ಎಂಬುದು ಅಪಶಕುನದ ಮಾತು. ಬಳೆ ಒಡೆದರೂ 'ಒಡೆಯಿತು' ಅನ್ನುವ ಹಾಗಿರಲಿಲ್ಲ, 'ಹೆಚ್ಚಿತು' ಅನ್ನಬೇಕು. ದೀಪ ಆರಿಸಬೇಕಾದಾಗ ಅಜ್ಜಿ "ದೀಪ ದೊಡ್ಡದ ಮಾಡಬೇ" ಅನ್ನುತ್ತಿದ್ದಳು. ಒಲೆಗೂ ಅದೇ ಮಾತು. ನಮಗೆಲ್ಲ ರೂಢಿಯಾಗಿತ್ತು.

ಏಕಸಂಬಿ ಹತ್ತಿರದ ನಮ್ಮ ಮನೆಯ ಒಲೆಯಲ್ಲಿ ಆಗ ಕಟ್ಟಿಗೆ, ಸಗಣಿಯ ಕುಳ್ಳು, ರವದಿ ಅಂದರೆ ಕಬ್ಬಿನ ಒಣಗಿದ ಗರಿ ಉರಿಯುತ್ತಿದ್ದವು. ಆ ಹೊಗೆಯಲ್ಲಿ ಕೂತು ರೊಟ್ಟಿ ಬಡಿದು ಬಡಿದು ಅವ್ವನಿಗೆ ಕೆಮ್ಮು ಹತ್ತಿತ್ತು. ಒಂದು ರೊಟ್ಟಿ ಮುಗಿಯುವುದರೊಳಗೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೆಮ್ಮುತ್ತಿದ್ದಳು. ಡಾಕ್ಟರು "ಮೊದಲ ಈ ಹೊಗಿ ಬಿಡಸ್ರಿ" ಅಂದಮೇಲೆ ಅಪ್ಪ ನಿಪ್ಪಾಣಿಗೆ ಎಡತಾಕಿ, ಕಾದು ಕಾದು, ಕೊನೆಗೆ ಗ್ಯಾಸ್ ಒಲೆ ತಂದ. ಅಜ್ಜಿಗೆ ಅದು ಬಿಲ್‌ಕುಲ್ ಸೇರಲಿಲ್ಲ. "ಮನ್ಯಾಗ ಭೂತ ತಂದ ಇಟ್ಟಿ. ಏನರ ಹೆಚ್ಚುಕಮ್ಮಿ ಆತಂದ್ರ ವಾಪಸ್ ಕಳಸ್ತೀನಿ, ನೋಡ ಮತ್ತ!" ಅಂದಳು. ನಮ್ಮಲ್ಲಿ ಅಜ್ಜಿಯ ಮಾತೆಂದರೆ ಮಾತು.

ಒಲೆ ಜೋಡಿಸಲು ಬಂದವನು ಗುಂಡಿ ತಿರುವಿ ತೋರಿಸಿದ. "ಇದ ದೊಡ್ಡದ್ರಿ, ಇದ ಸಣ್ಣದ್ರಿ, ಇದ ಬಂದ್. ವಾಸನಿ ಬಂತಂದ್ರ ಕಿಡಕಿ ತಗೀರಿ, ಕಡ್ಡಿ ಕೊರೀಬ್ಯಾಡ್ರಿ. ಎಣ್ಣಿಗೆ ಬೆಂಕಿ ಹತ್ತಿದ್ರ ನೀರ ಹಾಕಬ್ಯಾಡ್ರಿ, ಮುಚ್ಚಿಬಿಡ್ರಿ." ಅವ್ವ ಬಾಗಿಲ ಹಿಂದೆ ನಿಂತು ಒಂದೊಂದೂ ಮಾತು ಕೇಳಿಸಿಕೊಂಡಳು.

ದೀಪಾವಳಿ ಬಂತು. ಅಕ್ಕ ಶಂಕರಪಾಳಿ ಕರಿಯಲು ನಿಂತಳು. ನಾನು ಲಟ್ಟಿಸಿದ ಹಿಟ್ಟು ಕತ್ತರಿಸಿ ಕೊಡುತ್ತಿದ್ದೆ. ಸಿಹಿಯಾದ, ಬಿಸಿಬಿಸಿ ಘಮ ಪಡಸಾಲೆಯವರೆಗೂ ಹಬ್ಬಿತ್ತು. ಮಾತಾಡುತ್ತ ಮಾತಾಡುತ್ತ ಅಕ್ಕ ಒಲೆಯ ಕಡೆ ನೋಡುವುದನ್ನೇ ಬಿಟ್ಟಳು. ಎಣ್ಣೆ ಹೊಗೆಯಾಡತೊಡಗಿತು. ಅಜ್ಜಿ ಹೊಸ್ತಿಲಿಂದಲೇ ಕೂಗಿದಳು: "ಅಯ್ಯ, ಎಣ್ಣಿ ಹೊಗಿ ಆಡಾಕತ್ತೈತಿ! ದೊಡ್ಡದ ಮಾಡ, ಲಗೂನ ದೊಡ್ಡದ ಮಾಡಬೇ!"

ಗಾಬರಿಯಲ್ಲಿ ಅಕ್ಕ, ಒಲೆ ಜೋಡಿಸಿದವನು 'ದೊಡ್ಡದು' ಎಂದು ತೋರಿಸಿದ ಕಡೆಗೇ ಗುಂಡಿ ತಿರುವಿದಳು. ಭಗ್ಗೆಂದು ಕಡಾಯಿಗೆ ಬೆಂಕಿ ಹತ್ತಿತು! ಅಜ್ಜಿ ನೀರಿನ ತಂಬಿಗೆ ಎತ್ತಿಯೇಬಿಟ್ಟಳು. ಅಷ್ಟರಲ್ಲಿ ಹಿತ್ತಲಿನಿಂದ ಅವ್ವ ಓಡಿಬಂದಳು. "ಅತ್ತಿ, ನೀರ ಬ್ಯಾಡ್ರಿ!" ಎಂದು ತಂಬಿಗೆ ಕಸಿದುಕೊಂಡಳು. ಗುಂಡಿ ಬಂದ್ ಮಾಡಿದಳು. ಹಿಟ್ಟು ನಾದುವ ಪರಾತವನ್ನು ಬದಿಯಿಂದ ಸರಿಸಿ ಕಡಾಯಿಯ ಮೇಲೆ ಮುಚ್ಚಿದಳು. ಆಮೇಲೆ ಸಿಲಿಂಡರನ್ನೂ ಬಂದ್ ಮಾಡಿ, ತಣ್ಣಗಾಗುವವರೆಗೆ ಪರಾತ ಮುಟ್ಟಲು ಯಾರನ್ನೂ ಬಿಡಲಿಲ್ಲ. ಅಕ್ಕನ ಹುಬ್ಬು ಒಂದಿಷ್ಟು ಸುಟ್ಟಿದ್ದು ಬಿಟ್ಟರೆ, ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ.

ಸಂಜೆ ಅಪ್ಪ ಬಂದಕೂಡಲೇ ಅಜ್ಜಿ, "ನಾಳಿಗೇ ಇದನ್ನ ಒಯ್ದ ಕೊಟ್ಟ ಬಾ" ಅಂದಳು. ಮತ್ತೆ ಆ ಹೊಗೆ, ಮತ್ತೆ ಆ ಕೆಮ್ಮು! ಅತ್ತೆಯ ಎದುರು ಎಂದೂ ದನಿ ಎತ್ತದ ಅವ್ವ ಅವತ್ತು ಮಾತಾಡಿದಳು. "ಗ್ಯಾಸಿಂದ ತಪ್ಪಿಲ್ರಿ ಅತ್ತಿ. ಹುಡುಗಿಂದೂ ಇಲ್ರಿ. ನೀವು ಆರಸಾಕ ಹೇಳಿದ್ರಿ, ಅಕಿ ಉರಿ ಏರಿಸಿದ್ಲು. ದೇವರ ದೀಪಕ್ಕ ದೊಡ್ಡದ ಮಾಡ ಅನ್ರಿ. ಇದಕ್ಕ ಬಂದ್ ಮಾಡ ಅನ್ರಿ."

ಅಜ್ಜಿ ಅಡಕೊತ್ತು ತೆಗೆದು ಒಂದು ಅಡಕೆ ಕತ್ತರಿಸಿ ಬಾಯಿಗೆ ಹಾಕಿಕೊಂಡಳು. ಕೊನೆಗೆ, "ಬಂದ್ ಅಂದ್ರ ಅಪಶಕುನ ಇಲ್ಲ ಬಿಡ. ಅದೇನ ನಮ್ಮ ಹಿರ್ಯಾರ ಮಾತಲ್ಲ" ಅಂದಳು. ಮೊದಲು ಅಪ್ಪ ನಕ್ಕ, ಆಮೇಲೆ ಎಲ್ಲರೂ ನಕ್ಕರು. ಮುಂದೆ ಅಜ್ಜಿಯೇ "ಸಿಲಿಂಡರ್ ಬಂದ್ ಆತೇನ?" ಎಂದು ಕೇಳದೆ ಮಲಗುತ್ತಿರಲಿಲ್ಲ.

ಚಳಿ ಮುಗಿಯುವ ಹೊತ್ತಿಗೆ ಅವ್ವನ ಕೆಮ್ಮು ಇಳಿಯಿತು. ಒಂದು ಬೆಳಿಗ್ಗೆ ಅಡುಗೆಮನೆಯಿಂದ ಹಾಡು ಕೇಳಿಸಿತು. ರೇಡಿಯೋ ಇರಬೇಕು ಅಂದುಕೊಂಡು ಇಣುಕಿದೆ. ಅವ್ವ! ರೊಟ್ಟಿ ಬಡಿಯುತ್ತ ತನ್ನಷ್ಟಕ್ಕೆ ಹಾಡುತ್ತಿದ್ದಳು.

ಈಗ ನಿಮ್ಮ ಮನೆಯ ಒಲೆ ಗುಂಡಿ ತಿರುವಿದರೆ ಸಾಕು, ತಾನೇ ಹೊತ್ತಿಕೊಳ್ಳುತ್ತದೆ. ಹೊಗೆ ಎಂದರೆ ನಿಮಗೆ ರಸ್ತೆಯ ಲಾರಿ ಬಿಡುವುದಷ್ಟೇ ಗೊತ್ತು. ನಿಮ್ಮ ಮಮ್ಮಿ ಒಲೆಯ ಮುಂದೆ ನಿಂತು ಹಾಡಿದರೆ "ಮಮ್ಮಿ, ಟಿವಿ ಕೇಳವಲ್ತು!" ಎಂದು ಕೂಗುತ್ತೀರಿ. ನಾನೋ, ಶಾಲೆಯಲ್ಲಿ ನಾಲ್ಕನೇ ಇಯತ್ತೆಗೆ ಬರುವವರೆಗೂ ನನ್ನ ಅವ್ವನಿಗೆ ಹಾಡಲು ಬರುತ್ತದೆ ಎಂಬುದೇ ಗೊತ್ತಿಲ್ಲದೆ ಬೆಳೆದವಳು.