ಪೆಂಗ್ವಿನ್ ಗುರುತಿನ ಕಂಪ್ಯೂಟರು ಮತ್ತು ಅತ್ತೆಯ ಸೋಬಾನೆ

ನಾನು ಕಂಪ್ಯೂಟರಿನ ಗುರುತು ಬದಲಾಯಿಸಿದ್ದು ಅಗತ್ಯಕ್ಕಲ್ಲ, ಷಡ್ಡಕನ ಮೇಲಿನ ಹೊಟ್ಟೆಕಿಚ್ಚಿಗೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾಕೆಂದರೆ ಮುಂದೆ ಒಪ್ಪಿಕೊಳ್ಳಬೇಕಾದದ್ದು ಇದಕ್ಕಿಂತ ಕೆಟ್ಟದ್ದಿದೆ.

ನಾನು ಎಸ್ಸೆಸ್ಸೆಲ್ಸಿ ಓದಿದವನು. ಹೊಳೆನರಸೀಪುರದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದು, ಮೈಕಿನಲ್ಲಿ ಊರುಗಳ ಹೆಸರು ಕೂಗಿ ಕೂಗಿಯೇ ನಿವೃತ್ತನಾದೆ. ಆಮೇಲೆ ಹೊತ್ತು ಹೋಗಲೆಂದು ಮನೆಗೊಂದು ಕಂಪ್ಯೂಟರು ತಂದು ಎರಡು ಬೆರಳಲ್ಲಿ ಕನ್ನಡ ಟೈಪಿಂಗ್ ಕಲಿತೆ. ಆಗ ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ಅರಕಲಗೂಡಿನ ಕಡೆಯ ಹಳ್ಳಿಯಿಂದ ಬಂದು ನಮ್ಮ ಜೊತೆಯಲ್ಲೇ ಇದ್ದರು. ಅವರ ಸೀಮೆಯಲ್ಲಿ ಯಾರ ಮನೆಯ ಮದುವೆಯಾದರೂ ಹಸೆಯ ಮುಂದೆ ಸೋಬಾನೆ ಹೇಳಲು ಅವರೇ ಬೇಕಿತ್ತು. ಓದು ಬರಹ ಬಾರದು, ಹಾಡೆಲ್ಲ ಬಾಯಲ್ಲೇ. ಮೊಬೈಲಿನಲ್ಲಿ ಹಿಡಿದಿಡೋಣ ಎಂದರೆ ಅವರು ಒಪ್ಪಲಿಲ್ಲ.

"ಮದ್ಲಿಂಗಿತ್ತಿ ಇಲ್ದೆ ಫೋನಿಗೆ ಸೋಬಾನೆ ಆಡ್ತಾರೇನವ್ವಾ? ಯಾರಿಗೆ ಮದುವೆ ಮಾಡಕ್ಕೆ?" ಎಂದು ಮಗಳನ್ನು ಗದರಿದರು.

ಹಾಡುವುದಿಲ್ಲ, ಬರೆದುಕೊಂಡರೆ ಬಾಯಲ್ಲಿ ಹೇಳುತ್ತೇನೆ ಎಂದು ರಾಜಿಯಾಯಿತು. ಹೀಗಾಗಿ ಮಧ್ಯಾಹ್ನದ ಊಟವಾದ ಮೇಲೆ ಅತ್ತೆ ಕುಟ್ಟಾಣಿ ಹಿಡಿದು ಕಂಪ್ಯೂಟರಿನ ಪಕ್ಕ ಕೂರುವರು; ಒಂದು ಸಾಲು ಹೇಳಿ, ನಾನು ಅಕ್ಷರ ಹುಡುಕುವಷ್ಟರಲ್ಲಿ ಎಲೆ ಅಡಿಕೆ ಕುಟ್ಟಿ ಮುಗಿಸುವರು. ಕೊನೆಗೆ, "ಎಲ್ಲಾ ಬರಕಂಡ್ರಾ ಅಳಿಯಂದ್ರೇ?" ಎಂದು ಕೇಳುವರು. "ಎಲ್ಲಾ ಬಂತು ಅತ್ತೆ" ಎನ್ನುವೆನು.

ಅತ್ತೆ ತೀರಿಕೊಂಡ ಮೇಲೆ ಆ ಹಾಡುಗಳು ಉಳಿದದ್ದು ಈ ಕಂಪ್ಯೂಟರಿನಲ್ಲಿ ಮಾತ್ರ. ನನ್ನ ಹೆಂಡತಿಗೆ ಧಾಟಿ ಬರುತ್ತದೆ, ಸಾಲುಗಳು ಅರ್ಧಂಬರ್ಧ. ಅವಳ ತಂಗಿಗೆ ಎರಡೂ ಬಾರದು. ನಮ್ಮ ಮೊಮ್ಮಗಳ ಮದುವೆ ಹಾಸನದ ಛತ್ರದಲ್ಲಿ ಎಂದು ಗೊತ್ತಾದಾಗ ಹೆಂಡತಿ ಒಂದು ಹಟ ಹಿಡಿದಳು. ತಾಂಬೂಲದ ಜೊತೆ ರವಿಕೆ ಕಣದ ಬದಲು ಅವ್ವನ ಹಾಡಿನ ಪುಸ್ತಕ ಕೊಡಬೇಕು, ಹಸೆಯ ಮುಂದೆ ತಾನೇ ಅದನ್ನು ನೋಡಿಕೊಂಡು ಹಾಡಬೇಕು. ಅವಳು ನನ್ನಿಂದ ಏನನ್ನಾದರೂ ಬಾಯಿಬಿಟ್ಟು ಕೇಳಿದ್ದು ಅಪರೂಪ.

ನಾನು ಕಂಪ್ಯೂಟರಿಗೆ ಕೈ ಹಾಕಿದ್ದು ಸರಿಯಾಗಿ ಆ ಹೊತ್ತಿನಲ್ಲಿ.

ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಮಂಡಿ ಇಟ್ಟವನು. ಲಗ್ನಪತ್ರಿಕೆ ಕೊಡಲು ಅವನ ಮನೆಗೆ ಹೋಗಿದ್ದೆವು. ಊಟಕ್ಕೆ ಕೂತಾಗ ಶುರು ಮಾಡಿದ.

"ಏನಣ್ಣಾ, ಇನ್ನೂ ಕಿಟಕಿ ಗುರ್ತಿಂದೇ ಇಟ್ಕಂಡಿದ್ದೀರಾ? ನಂದು ಪೆಂಗ್ವಿನ್ ಗುರ್ತು ಕಣಣ್ಣಾ. ಕಾಸಿಲ್ಲ ಕರಿಮಣಿ ಇಲ್ಲ, ಪುಕ್ಕಟೆ. ವೈರಸ್ ಅತ್ರಕ್ಕೂ ಸುಳಿಯಲ್ಲ."

ಕಂಪ್ಯೂಟರು ನಡೆಸುವ ತಂತ್ರಾಂಶವನ್ನು ಚುನಾವಣೆಗೆ ನಿಂತವರ ಗುರುತಿನ ಹಾಗೆ ಹೇಳಿದ. ನಮ್ಮ ಕಂಪ್ಯೂಟರು ಒತ್ತಿದರೆ ಕಾಫಿ ಕುಡಿದು ಬರುವಷ್ಟು ಹೊತ್ತಿಗೆ ತೆರೆದುಕೊಳ್ಳುತ್ತಿದ್ದುದು ನಿಜ. ಆದರೂ ನಾನು ಸುಮ್ಮನಿರುತ್ತಿದ್ದೆನೋ ಏನೋ. ಸಾರು ಬಡಿಸಿಕೊಳ್ಳುತ್ತಾ ಅವನು, "ನಿಮ್ಮ ವಯಸ್ಸಿಗೆ ಕಷ್ಟ ಆಯ್ತದೆ, ಬುಡಿ" ಎಂದ.

ಮಾರನೆಯ ದಿನವೇ ಕಂಪ್ಯೂಟರಿನ ಪೆಟ್ಟಿಗೆಗೆ ಟವೆಲ್ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಹಾಸನದ ಬಸ್ಸಿನಲ್ಲಿ ಕೂತಿದ್ದೆ. ಕಂಡಕ್ಟರ್ ಹಳೇ ಪರಿಚಯದವನು. "ಏನ್ಸಾ, ಮೊಮ್ಮಗೂನ ಡಾಕ್ಟ್ರತ್ರ ಕರ್ಕಂಡೋಗ್ತಾ ಇದ್ದೀರಾ?" ಎಂದು ಟವೆಲ್ ಎತ್ತಿ ನೋಡಿದ.

ಹಾಸನದ ಅಂಗಡಿಯವನು ಸಂಜೆಯೊಳಗೆ ಪೆಂಗ್ವಿನ್ ಗುರುತಿನದನ್ನು ಹಾಕಿಕೊಟ್ಟ. ಹಳೇ ಫೈಲುಗಳು ಉಳಿಯುತ್ತವೆಯೇ ಎಂದು ನಾನು ಕೇಳಿದ್ದೆ. "ಒಂದೂ ಓಗಲ್ಲ ಸಾ" ಎಂದಿದ್ದ. ಅವನು ಸುಳ್ಳು ಹೇಳಲಿಲ್ಲ. ಅದರಲ್ಲಿ ಇರುವುದು ಹಳೇ ಕಾಲದ ಕನ್ನಡ ಫಾಂಟಿನ ಬರಹ ಎಂದು ನಾನು ಹೇಳಲಿಲ್ಲ. ಅದು ಹೇಳಬೇಕಾದ ಮಾತು ಎಂದು ನನಗೆ ಗೊತ್ತೇ ಇರಲಿಲ್ಲ.

ಮನೆಗೆ ಬಂದು ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಂಡಿತು. ಹಾಡಿನ ಫೈಲು ತೆರೆದೆ. ಕನ್ನಡದ ಸುಳಿವೇ ಇಲ್ಲ. ತಲೆಯ ಮೇಲೆ ಓರೆ ಗೀಟು ಹೊತ್ತ ಇಂಗ್ಲಿಷಿನ ಎ, ಅದರ ಪಕ್ಕ ಪೌಂಡಿನ ಗುರುತು, ಆಮೇಲೆ ಮತ್ತೊಂದು ಎ, ಮತ್ತೆ ಯಾವುದೋ ಕೊಕ್ಕೆ. ಪುಟದಿಂದ ಪುಟಕ್ಕೆ ಹೀಗೇ ಮೆರವಣಿಗೆ.

ಹಿಂದಿನಿಂದ ಹೆಂಡತಿ ಬಂದಳು. "ಇದೇನ್ರೀ ಇದು?"

ನನ್ನ ಬಾಯಿಂದ ಬಂದದ್ದನ್ನು ಈಗ ಬರೆಯಲೂ ನಾಚಿಕೆಯಾಗುತ್ತದೆ. "ಹೊಸ ಗುರ್ತಿನ ಕಂಪ್ಯೂಟರು ಅಲ್ವಾ, ಅದೇ ಎಲ್ಲಾನೂ ಇಂಗ್ಲಿಷಿಗೆ ಭಾಷಾಂತರ ಮಾಡೈತೆ. ಆಮೇಲೆ ವಾಪಸ್ ಕನ್ನಡ ಮಾಡಿದ್ರಾಯ್ತು" ಎಂದೆ.

ಒಂದೆರಡು ದಿನದಲ್ಲಿ ಹೇಗಾದರೂ ಸರಿಮಾಡಿಸಿಬಿಡಬಹುದು ಎಂದುಕೊಂಡಿದ್ದೆ. ಆದರೆ ಅವಳು ನಂಬಿದ್ದಷ್ಟೇ ಅಲ್ಲ, ಹೆಮ್ಮೆಪಟ್ಟಳು. ಅವ್ವನ ಸೋಬಾನೆ ಇಂಗ್ಲಿಷಿಗೆ ಹೋಗಿದೆ ಎಂದು ಬೀದಿಗೆಲ್ಲ ಹೇಳಿಬಂದಳು. ಶುಕ್ರವಾರ ಭಜನೆ ಮುಗಿಸಿಕೊಂಡು ಹೆಂಗಸರ ಗುಂಪೇ ನಮ್ಮ ನಡುಮನೆಯಲ್ಲಿ ಕೂತಿತು.

"ಒಂದ್ಸಲ ಓದಿ ಯೋಳಿ ಅಣ್ಣಾ, ಇಂಗ್ಲಿಷ್ ಸೋಬಾನೆ ಎಂಗಿರ್ತದೆ ಕೇಳಾವ."

ನನಗೆ ಬರುವ ಇಂಗ್ಲಿಷೆಲ್ಲ ಬಸ್ ನಿಲ್ದಾಣದ್ದು. ಕನ್ನಡಕ ಏರಿಸಿಕೊಂಡು ಪರದೆಯನ್ನೇ ನೋಡುತ್ತಾ ಶುರು ಮಾಡಿದೆ. "ಅಟೆನ್ಷನ್ ಪ್ಲೀಸ್. ಬ್ರೈಡ್ ಈಸ್ ರೆಡಿ ಫಾರ್ ಡಿಪಾರ್ಚರ್. ಬ್ರೈಡ್‌ಗ್ರೂಮ್ ಈಸ್ ಅರೈವಿಂಗ್ ಶಾರ್ಟ್ಲಿ."

ಯಾರೋ ಕಿಸಕ್ಕೆಂದರು. ಅಂಗನವಾಡಿಯ ಮೇಡಮ್ಮು, "ಯಾವ ಪ್ಲಾಟ್‌ಫಾರ್ಮ್ ಸಾ?" ಎಂದರು. ನಡುಮನೆಯೇ ಬಿದ್ದು ಹೋಗುವಂತೆ ನಕ್ಕರು. ಹೆಂಡತಿ ಮಾತ್ರ ನಗಲಿಲ್ಲ. ಅವಳು ಪರದೆಯ ಹತ್ತಿರ ಮುಖ ತಂದು ಬೆರಳಿಟ್ಟು ಕೆಳಗಿನವರೆಗೆ ಎಳೆಯುತ್ತಿದ್ದಳು.

ಎಲ್ಲರೂ ಹೋದ ಮೇಲೆ ಕೇಳಿದಳು. "ಪ್ರತಿ ಸಾಲಿನ ಕೊನೇಲೂ ಇದೊಂದೇ ಐತಲ್ರೀ. ಇಲ್ಲಿ ನೋಡಿ, ಇಲ್ಲಿ, ಇಲ್ಲಿ. ನಮ್ಮವ್ವ ಪ್ರತಿ ಸಾಲಿಗೂ ಕೊನೇಲಿ ಯೋಳ್ತಿದ್ದಿದ್ದು ಸೋಬಾನೆ ಅಂತ. ನೀವು ಓದುವಾಗ ಒಂದ್ಸಲನಾದ್ರೂ ಸೋಬಾನೆ ಅಂದ್ರಾ? ಇಂಗ್ಲಿಷಂತೆ ಇಂಗ್ಲಿಷು."

ಸಿಕ್ಕಿಬಿದ್ದೆ. ಎಲ್ಲ ಹೇಳಿದೆ. ಅವಳು ಬಯ್ಯಲಿಲ್ಲ. ಫೋನು ತಂದು ನನ್ನ ಕೈಗಿಟ್ಟು, "ಮಾಡ್ರಿ ನಿಮ್ ತಮ್ಮಂಗೆ" ಎಂದಳು.

ಷಡ್ಡಕ ಬಂದ. ಪರದೆ ನೋಡಿದವನೇ, "ಅಯ್ಯೋ ಅಣ್ಣಾ, ಏನೂ ಆಗಿಲ್ಲ ಕಣಣ್ಣಾ. ಅಕ್ಷರ ಎಲ್ಲಾ ಅಲ್ಲೇ ಅವೆ, ಹಳೇ ಫಾಂಟು ಇದ್ರಲ್ಲಿಲ್ಲ ಅಷ್ಟೆ. ನನ್ ಪೆನ್‌ಡ್ರೈವಲ್ಲಿ ಐತೆ" ಎಂದು ಜೇಬಿಗೆ ಕೈಹಾಕಿದ.

ಹೆಂಡತಿ ದೇವರ ಮನೆಯ ಕಡೆ ತಿರುಗಿ ಕೈಮುಗಿದಳು. ನಾನೂ ಮುಗಿಯಬೇಕಿತ್ತು. ಆದರೆ ಅದೇ ಗಳಿಗೆಯಲ್ಲಿ ನನಗೊಂದು ನೆನಪಾಯಿತು, ಮೈಯೆಲ್ಲ ಬೆವರಿತು. ಆ ಅಕ್ಷರಗಳು ಹಾಗೇ ಕೊಕ್ಕೆ ಕೊಕ್ಕೆಯಾಗಿದ್ದರೇ ಚೆನ್ನಾಗಿತ್ತು.

"ಯಾಕಣ್ಣಾ ಇಂಗ್ ಬೆವರ್ತಾ ಇದ್ದೀರಾ? ಪೆಂಗ್ವಿನ್ನು ಚಳಿ ದೇಸದ್ದು ಕಣಣ್ಣಾ" ಎಂದು ತನ್ನ ಮಾತಿಗೆ ತಾನೇ ನಕ್ಕ ಷಡ್ಡಕ. ಪರದೆಯ ತುಂಬ ಕನ್ನಡ ಅರಳಿತು. ಕಾಫಿ ಕುಡಿದು, ಮಂಡಿಗೆ ಲೋಡು ಬರುತ್ತದೆ ಎಂದು ಹೊರಟುಹೋದ. ಇನ್ನಷ್ಟು ಹೊತ್ತು ಇರು ಎಂದು ನಾನು ಅವನನ್ನು ಬೇಡಿಕೊಂಡದ್ದು ಅದೇ ಮೊದಲು.

ಹೆಂಡತಿ ಕುರ್ಚಿ ಎಳೆದು ಕೂತು ಗಟ್ಟಿಯಾಗಿ ಓದತೊಡಗಿದಳು. ಮೊದಲನೆಯದು ಹಸೆಗೆ ಕರೆಯುವ ಹಾಡು, ಚಿಕ್ಕದು, ಪೂರ್ತಿ ಇತ್ತು. ಎರಡನೆಯದು ಹೆಣ್ಣಿಗೆ ಒಡವೆ ತೊಡಿಸುವ ಹಾಡು. ಒಂದೊಂದು ಒಡವೆಗೆ ಒಂದೊಂದು ನುಡಿ. ಕಾಲಿನಿಂದ ಶುರುವಾಗಿ ನೆತ್ತಿಯವರೆಗೆ ಹೋಗಬೇಕು. ಕಾಲುಂಗುರ ಬಂತು, ಗೆಜ್ಜೆ ಬಂತು, ಸೊಂಟದ ಡಾಬು ಬಂತು. ಅಲ್ಲಿಗೆ ಅವಳ ದನಿ ನಿಂತಿತು.

"ಇತ್ಯಾದಿ" ಎಂದು ಓದಿದಳು.

ನಾನು ಕಿಟಕಿಯಿಂದ ಹೊರಗೆ ನೋಡಿದೆ. ಮುಂದಿನ ಹಾಡಿಗೆ ಹೋದಳು. ಆರತಿಯ ಹಾಡು, ನಾಲ್ಕು ನುಡಿ, ಆಮೇಲೆ ಇತ್ಯಾದಿ. ಬೀಗರನ್ನು ಹಂಗಿಸುವ ಹಾಡಿನಲ್ಲಿ ಇತ್ಯಾದಿ ಇತ್ಯಾದಿ.

ಮಧ್ಯಾಹ್ನದ ಹೊತ್ತು, ಟಿವಿಯಲ್ಲಿ ಕ್ರಿಕೆಟ್ಟು, ಎರಡು ಬೆರಳ ಟೈಪಿಂಗು. ಅತ್ತೆಯ ಹಾಡೋ ಮುಗಿಯುವಂಥದ್ದಲ್ಲ. ಎಲ್ಲ ನುಡಿಯೂ ಒಂದೇ ಥರ, ಒಡವೆಯ ಹೆಸರಷ್ಟೇ ಬೇರೆ, ಆಮೇಲೆ ಸೇರಿಸಿಕೊಂಡರಾಯಿತು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅವರು ಹೇಳುತ್ತಲೇ ಇರುತ್ತಿದ್ದರು, ನಾನು ಸುಮ್ಮನೆ ಕೀ ಒತ್ತಿದಂತೆ ಸದ್ದು ಮಾಡುತ್ತಾ ಗೋಡೆಯಾಚೆಯ ಸ್ಕೋರು ಕೇಳುತ್ತಿದ್ದೆ.

"ಏನ್ರೀ, ನಮ್ಮವ್ವ ಇತ್ಯಾದಿ ಅಂತ ಆಡ್ತಿದ್ಲಾ?" ಎಂದಳು ಹೆಂಡತಿ. ಬಯ್ಗುಳದ ದನಿಯಲ್ಲ, ನಿಜವಾಗಿ ಕೇಳಿದ ಹಾಗೆ.

ಆಮೇಲೆ ಊಟಕ್ಕೆ ಕರೆಯುವುದಕ್ಕೂ ತಟ್ಟೆಯ ಸದ್ದೇ. ಇನ್ನೊಂದು ಸಲ ಕೇಳಿಕೊಳ್ಳೋಣವೆಂದರೆ ಹೇಳಬೇಕಾದವರೇ ಇಲ್ಲ. ನಾನು ಅರಕಲಗೂಡಿಗೆ ಹೋಗಿ ಅತ್ತೆಯ ವಾರಗೆಯ ಮುದುಕಿಯರನ್ನು ಹುಡುಕಿದೆ. ಒಬ್ಬಾಕೆ ಸಿಕ್ಕರು. "ಅವ್ಳು ಆಡೋವಾಗ ನಾವು ಸೋಬಾನೆ ಸೋಬಾನೆ ಅಂತಿದ್ವಿ ಕಣಪ್ಪ, ಅಷ್ಟೇಯ ನಮ್ ಕೆಲ್ಸ" ಎಂದರು.

ಬರಿಗೈಯಲ್ಲಿ ಬಂದೆ. ಅವತ್ತು ಸಂಜೆ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಬಂದು ಕುರ್ಚಿಯಲ್ಲಿ ಕೂತಳು.

"ಟೈಪ್ ಮಾಡ್ರಿ. ಒಂದಕ್ಷರ ಬಿಟ್ರೆ ನೋಡಿ."

ಡಾಬಿನ ನುಡಿಯ ಮುಂದಕ್ಕೆ ಹೇಳತೊಡಗಿದಳು. ಒಂದೊಂದು ಸಾಲು ಸಲೀಸಾಗಿ ಬಂತು. ಒಂದೊಂದಕ್ಕೆ ಕಣ್ಣು ಮುಚ್ಚಿ ತೊಡೆ ತಟ್ಟುತ್ತಾ ಕೂತಳು. ಬೈತಲೆಬೊಟ್ಟಿಗೆ ಬಂದಾಗ ಹೇಳಿದ್ದನ್ನು ಅಳಿಸಿ ಎಂದು, ಬೇರೆ ಸಾಲು ಹೇಳಿದಳು. ನನಗೆ ಅನುಮಾನ ಬಂತು.

"ಇದು ಅತ್ತೆ ಹೇಳಿದ್ದೇನಾ?"

"ನೀವು ಕೇಳಿಸ್ಕಂಡಿದ್ರಾ?"

"ಇಲ್ಲ."

"ಮತ್ತೆ? ಬರೀರಿ."

ಪುಸ್ತಕ ಅಚ್ಚಾಯಿತು. ಮದುವೆಯ ದಿನ ಹಾಸನದ ಛತ್ರದಲ್ಲಿ ಅವಳು ಹಸೆಯ ಮುಂದೆ ಕೂತು ಮೈಕಿಲ್ಲದೆ ಹಾಡಿದಳು. ಫೋಟೋದವನ ಗಲಾಟೆಯೂ ನಿಂತಿತು. ಬೈತಲೆಬೊಟ್ಟಿನ ನುಡಿ ಬಂದಾಗ ಷಡ್ಡಕ ನನ್ನ ತೊಡೆ ತಟ್ಟಿದ.

"ಕೇಳಣ್ಣಾ, ಕೇಳು. ಈಗ್ನೋರ್ ಕೈಲಿ ಆಯ್ತದಾ ಇಂಗೆ ಕಟ್ಟಕ್ಕೆ? ಈ ನುಡೀನ ನನ್ ಮದುವೇಲಿ ಅತ್ತೆ ಬಾಯಲ್ಲೇ ಕೇಳಿದ್ದೆ ಕಣಣ್ಣಾ, ಇನ್ನೂ ಗ್ಯಾಪ್ಕ ಐತೆ."

ಅವನ ಬಾಯಿ ಮುಚ್ಚಿಸುವ ಅವಕಾಶ ನನಗೆ ಅದೊಂದೇ ಸಿಕ್ಕಿದ್ದು. ಬಾಯಿ ತೆರೆದೆ. ಹಾಡುತ್ತಲೇ ಹೆಂಡತಿ ನನ್ನ ಕಡೆ ನೋಡಿದಳು. ಮುಚ್ಚಿಕೊಂಡೆ.

ಇದನ್ನು ಬರೆಯುವ ಮೊದಲು ಅವಳನ್ನು ಕೇಳಿದೆ. "ಬರ್ಕಳಿ, ನನಗೇನು. ಯಾವ ನುಡಿ ನಮ್ಮವ್ವಂದು, ಯಾವುದು ನಂದು ಅಂತ ಮಾತ್ರ ಬರೀಬೇಡಿ" ಎಂದಳು. ಬರೆಯುವುದಿಲ್ಲ. ಬರೆಯೋಣವೆಂದರೂ ನನಗೆ ಗೊತ್ತಿಲ್ಲ. ಅತ್ತೆ ಪಕ್ಕದಲ್ಲೇ ಕೂತು ಹೇಳುತ್ತಿದ್ದಾಗ ನಾನು ಕೇಳಿಸಿಕೊಂಡಿದ್ದರೆ ಗೊತ್ತಿರುತ್ತಿತ್ತು.