ಸಿಡಿಲ ಕಲ್ಲಿಗೊಂದು ಕದಿರು

ಬಸ್ಸಿನಲ್ಲಿ ಚೀಲ ಮರೆತು ಮಗಳು ಬರಿಗೈಯಲ್ಲಿ ಇಳಿಯಬಹುದು. ಅವಳು ಪಾಠ ಹೇಳುವ ಶಾಲೆಯಲ್ಲಿ ಕಲ್ಲು ಯಾವುದೋ ಮಗುವಿನ ಕಾಲ ಮೇಲೆ ಬಿದ್ದು ಎರಡೂ ಮುರಿಯಬಹುದು. ಇದೊಂದೂ ಆಗದಿದ್ದರೆ, ಬೈಂದೂರಿನಿಂದ ಬರುವ ದಾರಿಯಲ್ಲಿ ಗುಡುಗು ಹಿಡಿಯಬಹುದು. ಇಂದು ಬೆಳಿಗ್ಗೆ, ನಮ್ಮ ಮನೆಯಲ್ಲಿ ಹೊಸ ಅಕ್ಕಿ ಉಣ್ಣುವ ಹೊಸ್ತಿನ ದಿನ, ಕಲ್ಲನ್ನು ಬೈರಾಸಿನಲ್ಲಿ ಸುತ್ತಿ ಮಗಳ ಚೀಲಕ್ಕೆ ಹಾಕುವಷ್ಟರಲ್ಲಿ ನಾನು ಇಷ್ಟನ್ನೂ ಯೋಚಿಸಿ ಮುಗಿಸಿದ್ದೆ.

ಕಲ್ಲು ಅಂಥ ದೊಡ್ಡದೇನಲ್ಲ. ಅಂಗೈ ತುಂಬುವಷ್ಟು, ಕಪ್ಪು, ನುಣುಪು, ಒಂದು ತುದಿ ಕೊಡಲಿಯ ಬಾಯಿಯಂತೆ ತೆಳು. ಕುಂಭಾಶಿಯ ದೊಡ್ಡಮ್ಮ ಅದರಿಂದ ಸಗಣಿ ಸಾರಿಸಿದ ಜಗಲಿಯನ್ನು ತಿಕ್ಕಿ ಹೊಳೆಯಿಸುತ್ತಿದ್ದಳು. ಅದು ಸಿಡಿಲಿನೊಟ್ಟಿಗೆ ಬಿದ್ದ ಕಲ್ಲು, ಅದಿರುವಲ್ಲಿಗೆ ಮತ್ತೆ ಸಿಡಿಲು ಬರದು ಎಂದು ಅವಳು ನಂಬಿದ್ದಳು. ಕಾಲೇಜಿನಲ್ಲಿ ಇತಿಹಾಸ ಹೇಳುವ ನನಗೋ ಅದು ಲೋಹ ಕಾಣದ ಜನ ಉಜ್ಜಿ ಉಜ್ಜಿ ಹರಿತ ಮಾಡಿದ ನವಶಿಲಾಯುಗದ ಕೊಡಲಿ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅದನ್ನು ಕೇಳಲು ಹೋದ ದಿನವೂ ಹೊಸ್ತು. ಗದ್ದೆಯಿಂದ ತಂದ ಹೊಸ ಕದಿರನ್ನು ದೊಡ್ಡಮ್ಮ ಮನೆಯಲ್ಲಿ ದುಡಿಯುವ ಎಲ್ಲದಕ್ಕೂ ಕಟ್ಟುತ್ತಿದ್ದಳು: ನೇಗಿಲಿಗೆ, ಒನಕೆಗೆ, ಮುಂಬಯಿಯಿಂದ ಬಂದ ಮಿಕ್ಸಿಗೂ. ಉದುರಿದ ಕಾಳಿಗೆ ಕೋಳಿ ನುಗ್ಗಿತು. ನಾನು ಹುಶ್ ಎಂದೆ.

“ತಿನ್ಲಿ ಬಿಡ, ಅದ್ಕೂ ಹೊಸ್ತ್ ಅಲ್ದಾ?”

“ದೊಡ್ಡಮ್ಮಾ, ಆ ಕಲ್ಲ್ ಒಂದಿನಕ್ ಕೊಡ್ತ್ಯಾ? ಬೈಸಾರಿಗೆ, ಕತ್ತಲಾಪುದ್ರೊಳ್ಗೆ, ವಾಪಸ್ ತತ್ತೆ.”

ಅವಳು ಮೂಡುದಿಕ್ಕಿನ ಮೋಡ ನೋಡಿದಳು, ನನ್ನನ್ನೂ ನೋಡಿದಳು. “ಇವತ್ತೇ ಆಯ್ಕಾ ಮಾರಾಯಾ? ಆಯ್ತ್, ತಕೋ. ಚೀಲ ಮಾತ್ರ ಕೈ ಬಿಡ್ಬೇಡ.” ಕಲ್ಲಿನ ಪಾಲಿನ ಕದಿರನ್ನು ಗೋಡೆಯ ಗೂಡಿನಲ್ಲಿ ತೆಗೆದಿಟ್ಟಳು.

ತರಗತಿಯಲ್ಲಿ ಒಬ್ಬಳು ಅದರ ಬಾಯಿಗೆ ಬೆರಳಾಡಿಸಿ, “ಸರ್, ಇದ್ರಲ್ಲಿ ಎಂತ ಕಡಿಯೂದ್, ಬೆಣ್ಣೆಯಾ?” ಎಂದಳು. ಕಾಡು ಎಂದೆ. ಕಾಡು ಕಡಿದಲ್ಲಿ ಬೀಜ ಬಿತ್ತಿದರು. ಬಿತ್ತಿದವರು ಕೊಯ್ಲಿನ ತನಕ ಕಾಯಬೇಕು. ಕಾಯುವವರಿಗೆ ಮನೆ ಬೇಕು, ಕೊಯ್ದದ್ದಕ್ಕೆ ಮಡಕೆ ಬೇಕು, ಕಣಜ ಬೇಕು. ಕಣಜ ತುಂಬಿದ ಎಷ್ಟೋ ಕಡೆ ಆಮೇಲೆ ಪೇಟೆ ಬಂತು, ರಾಜ ಬಂದ, ಲಿಪಿ ಬಂತು. ನೀವೇ ಹೇಳಿ, ಬೇಟೆಯವನಿಗೆ ಇವತ್ತಿನ ಹಸಿವಿನ ಚಿಂತೆ ಸಾಕಿತ್ತು. ಇನ್ನೂ ಬಾರದ ಮಳೆಗಾಗಿ ಮೊದಲು ನಿದ್ದೆಗೆಟ್ಟವನು ಬಿತ್ತಿದವನೇ ಅಲ್ಲವೇ? ನನ್ನ ಮೂಲಪುರುಷ ಅವನೇ ಇರಬೇಕು.

ಸಂಜೆ ಬಸ್ಸು ಹತ್ತುವಾಗಲೇ ಗುಡುಗು ಶುರುವಾಯಿತು. ಮಿಂಚಿದಾಗಲೆಲ್ಲ ದೊಡ್ಡಮ್ಮನ ಹೆಂಚಿನ ಮಾಡು ಕಣ್ಣಿಗೆ ಕಟ್ಟುತ್ತಿತ್ತು. ಕಾವಲಿನ ಕಲ್ಲು ನನ್ನ ತೊಡೆಯ ಮೇಲೆ, ಮನೆಯಲ್ಲಿ ಅವಳೊಬ್ಬಳೇ. ಇಳಿದು ಓಡಿದೆ. ಅವಳು ಜಗಲಿಯಲ್ಲಿ ನನ್ನ ದಾರಿ ಕಾಯುತ್ತ ಕುಳಿತಿದ್ದಳು.

“ಸಿಡ್ಲ್ ಬಿತ್ತಾ ದೊಡ್ಡಮ್ಮಾ?”

“ಇಲ್ಲೆ. ಗುಡುಗ್ ಬಂದ್ರೆ ಮಂಚದಡಿ ಹೋಪುದ್ ಮನಿ ಅಲ್ದಲೆ ಮಗಾ, ನೀನ್. ಅದ್ಕೇ ಕೊಟ್ಟದ್ದ್.”

ಪಾಠಕ್ಕೆ ಕೊಟ್ಟಳೆಂದು ನಾನು ತಿಳಿದಿದ್ದೆ. ಅವಳು ಮನೆಯ ಕಾವಲನ್ನೇ ಬಿಚ್ಚಿ ನನ್ನ ಜೊತೆ ಕಳಿಸಿದ್ದಳು. ಗೂಡಿನ ಕದಿರು ತೆಗೆದು ಕಲ್ಲಿಗೆ ಕಟ್ಟಿ, ಆಮೇಲೆ ಇಬ್ಬರೂ ಹೊಸ ಅಕ್ಕಿಯ ಊಟ ಮಾಡಿದೆವು.

ದೊಡ್ಡಮ್ಮ ಹೋದ ಮೇಲೆ ಕಲ್ಲು ನನ್ನ ಪಾಲಿಗೆ ಬಂತು. ಈಗ ಮಗಳೂ ಟೀಚರು. “ನಾಳೆ ತಕೊಂಡ್ ಹೋದ್ರೂ ಆತ್ತ್ ಅಪ್ಪಯ್ಯಾ,” ಎಂದವಳಿಗೆ ಇವತ್ತೇ ಒಯ್ಯಿ ಎಂದು ಒತ್ತಾಯಿಸಿದವನು ನಾನೇ, ಮೋಡ ಕಟ್ಟಿತ್ತು. ಸಂಜೆ ಗುಡುಗಿತು. ಮಂಚ ನೆನಪಾಗಲಿಲ್ಲ, ಗೇಟಿನ ಬಳಿ ಕೊಡೆ ಹಿಡಿದು ನಿಂತಿದ್ದೆ. ಮಗಳು ಬಂದಳು, ಚೀಲ ಬಂತು, ಕಲ್ಲು ಮುಕ್ಕಾಗಿರಲಿಲ್ಲ.

ಕಟ್ಟೋಣವೆಂದು ಒಳಗೆ ಬಂದರೆ, ಕಿಟಕಿಯ ದಂಡೆಯಲ್ಲಿ ಕಲ್ಲಿಗೆಂದು ತೆಗೆದಿಟ್ಟಿದ್ದ ಕದಿರನ್ನು ಪಕ್ಕದ ಮನೆಯ ಕೋಳಿ ಕುಕ್ಕಿ ಮುಗಿಸಿತ್ತು.